ಮೊದಲು ಪಿಸ್ಟನ್, ಆಮೇಲೆ ಬೋರ್

ನಮ್ಮ ತಂದೆಯವರ 1968ರ ಜಾವಾ ಹನ್ನೆರಡು ವರ್ಷ ಹಿತ್ತಲ ಶೆಡ್ಡಿನಲ್ಲಿ ನಿಂತಿತ್ತು. ಅದನ್ನು ಮತ್ತೆ ರಸ್ತೆಗೆ ತರಬೇಕೆಂದು ಹೊರಟಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಬ್ಲಾಕ್ ಬಿಚ್ಚಿ ನೇರವಾಗಿ ಲೇಥ್ ಅಂಗಡಿಗೆ ಕೊಟ್ಟೆ. ಅವರು ಗೀರು ಹೋಗುವವರೆಗೂ ಕೊರೆದು ಒಳವ್ಯಾಸವನ್ನು 65.75 ಮಿ.ಮೀ.ಗೆ ತಂದುಕೊಟ್ಟರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಆದರೆ 65.75ರ ಪಿಸ್ಟನ್ ಎಲ್ಲಿದೆ? ಮೈಸೂರು, ಬೆಂಗಳೂರು ಎರಡೂ ಕಡೆ ಅಲೆದೆ. 65.50 ಇತ್ತು, 66.00 ಇತ್ತು, ನನಗೆ ಬೇಕಾದದ್ದು ಮಾತ್ರ ಇರಲಿಲ್ಲ. ಎರಡು ತಿಂಗಳು ಕಾದು ಕೊನೆಗೆ 66.00ಕ್ಕೆ ಮತ್ತೆ ಕೊರೆಸಿದೆ. ವರ್ಷಗಟ್ಟಲೆ ಓಡಬೇಕಿದ್ದ ಕಬ್ಬಿಣ ಲೇಥಿನ ಪುಡಿಯಾಗಿ ಹೋಯಿತು. ಆ ಕಬ್ಬಿಣ ಇನ್ನು ಹುಟ್ಟುವುದಿಲ್ಲ.

ಹಾಗಾಗಿ ಈ ಬರಹದಲ್ಲಿ ಬೇರೇನು ಮರೆತರೂ ಇದೊಂದು ನೆನಪಿರಲಿ: ಪಿಸ್ಟನ್ ಕೈಗೆ ಬರುವವರೆಗೆ ಬ್ಲಾಕನ್ನು ಯಾರಿಗೂ ಕೊರೆಯಲು ಕೊಡಬೇಡಿ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 1960ರ ದಶಕದ ಆರಂಭದಿಂದ ಅಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ತಯಾರಾದವು. ಅಲ್ಲಿನ 250 ಸಿ.ಸಿ. ಗಾಡಿಯ ಮೂಲ ಜೆಕ್ ದೇಶದ 353 ಎಂಬ ಮಾದರಿ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಾರ್ಖಾನೆ ಹೋದರೂ ಗಾಡಿಗಳು ಉಳಿದವು, ಅವಕ್ಕೆ ಪಿಸ್ಟನ್ ಮಾಡುವವರೂ ಉಳಿದರು. ಹುಡುಕಿದರೆ ಇಂದಿಗೂ ಸಿಗುತ್ತದೆ. ಕಷ್ಟವಿರುವುದು ಸರಿಯಾದ ಅಳತೆಯ ಸರಿಯಾದ ಪಿಸ್ಟನ್ ಯಾವುದೆಂದು ಗುರುತಿಸುವುದರಲ್ಲಿ. ನಿಮ್ಮದು 50 ಮಿ.ಮೀ. ಬೋರಿನ ಆರ್‌ಎಕ್ಸ್ 100 ಆಗಿರಲಿ, 64 ಮಿ.ಮೀ.ನ ಆರ್‌ಡಿ 350 ಆಗಿರಲಿ, ಅಂಕಿಗಳು ಬದಲಾಗುತ್ತವೆ, ದಾರಿ ಇದೇ.

ಹಂತ 1: ಪಿಸ್ಟನ್ ನಿಜಕ್ಕೂ ಬೇಕೇ?

ಕಿಕ್ಕರ್ ಹೊಡೆದರೆ ಎದುರೊತ್ತು ಇಲ್ಲದಿರುವುದು, ತಣ್ಣಗಿದ್ದಾಗ ಬ್ಲಾಕಿನೊಳಗಿಂದ ಟಕಟಕ ಸದ್ದು ಬಂದು ಬಿಸಿಯಾದಂತೆ ಕಡಿಮೆಯಾಗುವುದು, ಏರಿನಲ್ಲಿ ಗಾಡಿ ಸೋಲುವುದು, ಇವೆಲ್ಲ ಸವೆತದ ಲಕ್ಷಣಗಳು. ಆದರೆ ರಿಂಗ್ ಮಸಿಗೆ ಅಂಟಿಕೊಂಡಿದ್ದರೂ ಎದುರೊತ್ತು ಹೋಗುತ್ತದೆ. ಹೆಡ್ಡಿನ ಕಡೆ ಗಾಳಿ ಸೋರಿದರೂ ಅಷ್ಟೇ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಬ್ಲಾಕ್ ಬಿಚ್ಚದೆಯೇ ಒಳಗೆ ಇಣುಕುವ ಒಂದು ಕಿಟಕಿಯಿದೆ. ಸೈಲೆನ್ಸರಿನ ಬೆಂಡ್ ಪೈಪುಗಳನ್ನು ಬಿಚ್ಚಿ, ಎಗ್ಜಾಸ್ಟ್ ಪೋರ್ಟಿನೊಳಗೆ ಟಾರ್ಚ್ ಬಿಟ್ಟು, ಕಿಕ್ಕರನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಈ ಗಾಡಿಗಳಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್ ಎಂಬುದು ನಿಮಗೆ ಗೊತ್ತೇ ಇದೆ. ಪಿಸ್ಟನ್ನಿನ ಮುಂಭಾಗ, ರಿಂಗುಗಳು ಎಲ್ಲವೂ ಒಂದೊಂದಾಗಿ ಕಾಣುತ್ತವೆ. ಉದ್ದಕ್ಕೆ ಆಳವಾದ ಗೀರುಗಳಿದ್ದರೆ ಒಮ್ಮೆ ಜಾಮ್ ಆಗಿದೆ ಎಂದು ತಿಳಿಯಿರಿ. ರಿಂಗನ್ನು ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ಸ್ಪ್ರಿಂಗಿನಂತೆ ಒಳಹೋಗಿ ಹೊರಬಂದರೆ ಅದಕ್ಕೆ ಜೀವವಿದೆ, ಅಲ್ಲಾಡದಿದ್ದರೆ ಅಂಟಿದೆ.

ಹಂತ 2: ಗಾಡಿ ಯಾವುದೆಂದು ಬರೆದಿಟ್ಟುಕೊಳ್ಳಿ

ಎಂಜಿನ್ ನಂಬರ್, ಮಾದರಿ, ವರ್ಷ. ಆರ್‌ಸಿ ಪುಸ್ತಕದಲ್ಲಿ ಇರುವುದನ್ನೇ ನಂಬಬೇಡಿ. ಐವತ್ತು ವರ್ಷದಲ್ಲಿ ಎಷ್ಟೋ ಗಾಡಿಗಳ ಬ್ಲಾಕ್ ಬದಲಾಗಿದೆ. ಹಳೆಯ ಜಾವಾ, ಯೆಜ್ಡಿ, ರೋಡ್‌ಕಿಂಗ್ ಮೂರರ ಬೋರೂ 65 ಮಿ.ಮೀ. ಎಂದ ಮಾತ್ರಕ್ಕೆ ಒಂದರ ಪಿಸ್ಟನ್ ಇನ್ನೊಂದಕ್ಕೆ ಆಗುತ್ತದೆಂದು ತಿಳಿಯಬಾರದು. ಎತ್ತರ, ಕೆಳಭಾಗದಲ್ಲಿ ಕತ್ತರಿಸಿರುವ ಕಿಟಕಿಯ ಜಾಗ, ರಿಂಗ್, ಪಿನ್ ಎಲ್ಲವೂ ಹೊಂದಬೇಕು.

ಇನ್ನೊಂದು ಎಚ್ಚರ. 2018ರಿಂದ ಜಾವಾ, 2022ರಿಂದ ಯೆಜ್ಡಿ ಹೆಸರಿನಲ್ಲಿ ಬರುತ್ತಿರುವ ಹೊಸ ಗಾಡಿಗಳು ಫೋರ್-ಸ್ಟ್ರೋಕ್. ಫೋನಿನಲ್ಲಿ ಬರೀ ‘ಜಾವಾ ಪಿಸ್ಟನ್’ ಎಂದು ಕೇಳಿದರೆ ಹೊಸದರದ್ದೇ ತಂದುಕೊಡುವ ಸಾಧ್ಯತೆ ಉಂಟು.

ಹಂತ 3: ಹಳೆಯ ಪಿಸ್ಟನ್ನನ್ನು ಹೊರತೆಗೆದು ಓದಿ

ಬ್ಲಾಕ್ ಮೇಲೆತ್ತಿದ ಕೂಡಲೇ ಕ್ರ್ಯಾಂಕ್‌ಕೇಸಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ. ಪಿನ್ನಿನ ತುದಿಯ ಸಣ್ಣ ಸರ್ಕ್ಲಿಪ್ ಒಳಗೆ ಬಿದ್ದರೆ ಇಡೀ ಎಂಜಿನ್ ಇಳಿಸಬೇಕಾಗುತ್ತದೆ. ಪಿನ್ ಬಿಗಿಯಾಗಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಿಸ್ಟನ್ನಿಗೆ ಒಂದೆರಡು ಬಾರಿ ಸುತ್ತಿ. ಅಲ್ಯೂಮಿನಿಯಂ ಹಿಗ್ಗಿ ಪಿನ್ ಸಡಿಲವಾಗುತ್ತದೆ, ಆಗ ಒತ್ತಿ ತಳ್ಳಿ.

ಪಿಸ್ಟನ್ನಿನ ತಲೆಯ ಮಸಿಯನ್ನು ಸೀಮೆಎಣ್ಣೆ ಹಚ್ಚಿ ನೆನೆಸಿ, ಮರದ ಚೂರಿನಿಂದ ಕೆರೆಯಿರಿ. ಒಂದು ಬಾಣದ ಗುರುತು, ತಯಾರಕರ ಗುರುತು, ಒಂದು ಸಂಖ್ಯೆ ಕಾಣಬೇಕು. 65.25, 65.50 ಎಂದು ಪೂರ್ತಿ ಇರಬಹುದು, ಬರೀ 0.25, 0.50 ಎಂದೂ ಇರಬಹುದು. ಏನೂ ಇಲ್ಲದಿದ್ದರೆ ಅದು ಸ್ಟ್ಯಾಂಡರ್ಡ್ ಆಗಿರುವ ಸಂಭವ ಹೆಚ್ಚು, ಅಳೆದೇ ಖಚಿತಪಡಿಸಿಕೊಳ್ಳಿ.

ಈಗ ಪಿಸ್ಟನ್ನಿನ ಜಾತಕ ಬರೆಯಿರಿ. ಪಿನ್ನಿನ ವ್ಯಾಸ. ಪಿನ್ನಿನ ನಡುವಿನಿಂದ ತಲೆಯ ಅಂಚಿನವರೆಗಿನ ಎತ್ತರ. ಒಟ್ಟು ಎತ್ತರ. ರಿಂಗುಗಳ ಸಂಖ್ಯೆ, ಪ್ರತಿ ರಿಂಗಿನ ದಪ್ಪ. ರಿಂಗಿನ ತೋಡಿನೊಳಗೆ ಇರುವ ಪುಟ್ಟ ಮೊಳೆಗಳು ಎಲ್ಲಿವೆ ಎಂಬುದು. ಕೆಳಭಾಗದಲ್ಲಿ ಕತ್ತರಿಸಿರುವ ಕಿಟಕಿಗಳ ಆಕಾರ. ತಲೆ ಚಪ್ಪಟೆಯೋ ಉಬ್ಬೋ. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಪಿಸ್ಟನ್ನನ್ನು ಪಕ್ಕದಲ್ಲಿಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಪಿಸ್ಟನ್ ಹುಡುಕುವಾಗ ನಿಮ್ಮ ಗುರುತಿನ ಚೀಟಿ ಇದೇ.

ಆ ಪುಟ್ಟ ಮೊಳೆಗಳ ವಿಷಯ ಸ್ವಲ್ಪ ವಿವರಿಸಬೇಕು. ಇಂಥ ಟೂ-ಸ್ಟ್ರೋಕಿನ ಹೆಡ್ಡಿನಲ್ಲಿ ಫೋರ್-ಸ್ಟ್ರೋಕಿನಂತೆ ವಾಲ್ವ್ ಇಲ್ಲ. ಬ್ಲಾಕಿನ ಗೋಡೆಯಲ್ಲಿರುವ ಪೋರ್ಟುಗಳನ್ನು ಪಿಸ್ಟನ್ನೇ ಮುಚ್ಚುತ್ತದೆ, ತೆರೆಯುತ್ತದೆ. ರಿಂಗು ತೋಡಿನಲ್ಲಿ ತನ್ನಷ್ಟಕ್ಕೆ ತಿರುಗುತ್ತಾ ಹೋದರೆ ಅದರ ತೆರೆದ ತುದಿ ಒಂದಲ್ಲ ಒಂದು ದಿನ ಪೋರ್ಟಿನ ಎದುರು ಬಂದು, ಹೊರಕ್ಕೆ ಚಾಚಿ, ಅಂಚಿಗೆ ಸಿಕ್ಕಿ ಮುರಿಯುತ್ತದೆ. ಅದು ತಿರುಗದಂತೆ ಹಿಡಿಯುವುದೇ ಆ ಮೊಳೆ. ಮೊಳೆಯ ಎದುರು ಬ್ಲಾಕಿನ ಗೋಡೆ ಇರಬೇಕು, ಪೋರ್ಟ್ ಇರಬಾರದು. ಬೇರೆ ಗಾಡಿಯ ಪಿಸ್ಟನ್ ‘ಹೆಚ್ಚುಕಮ್ಮಿ ಕೂರುತ್ತೆ’ ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದದ್ದು ಇದನ್ನೇ. ಹೊಸಬರು ಇಂಥ ಬದಲಿ ಪಿಸ್ಟನ್ನಿನ ಗೊಡವೆಗೆ ಹೋಗದಿರುವುದೇ ಕ್ಷೇಮ.

ಹಂತ 4: ಬ್ಲಾಕ್ ಎಷ್ಟು ಸವೆದಿದೆ?

ಮೊದಲು ಬೆರಳುಗುರಿನಿಂದ ಗೋಡೆಯನ್ನು ತಡವಿ ನೋಡಿ. ಜಾಮ್ ಆದ ಗಾಡಿಯಲ್ಲಿ ಗೀರಿನಂತೆ ಕಾಣುವುದೆಲ್ಲ ಗೀರಲ್ಲ. ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ ಕಬ್ಬಿಣದ ಮೇಲೆ ಬಳಿದುಕೊಂಡಿರುತ್ತದೆ. ಉಗುರಿಗೆ ಉಬ್ಬಾಗಿ ಸಿಕ್ಕಿದರೆ ಅಂಟಿದ್ದು, ತಗ್ಗಾಗಿ ಸಿಕ್ಕಿದರೆ ಗೀರು. ಅಂಟಿದ್ದನ್ನು ನಯವಾದ ಎಮರಿ ಕಾಗದದಿಂದ ತಾಳ್ಮೆಯಿಂದ ಉಜ್ಜಿ ತೆಗೆಯಬಹುದು. ಎಷ್ಟೋ ಬ್ಲಾಕುಗಳು ಇಷ್ಟಕ್ಕೇ ಬದುಕಿಕೊಳ್ಳುತ್ತವೆ.

ಬೋರ್ ಅಳೆಯಲು ಸರಿಯಾದ ಸಾಧನ ಡಯಲ್ ಬೋರ್ ಗೇಜ್. ವರ್ನಿಯರ್ ಸಾಲದು. ಅದರ ಅತಿ ಸಣ್ಣ ಗೆರೆ 0.02 ಮಿ.ಮೀ., ಪಿಸ್ಟನ್ನಿಗೂ ಗೋಡೆಗೂ ನಡುವೆ ಇರಬೇಕಾದ ಸಂದು ಅದರ ಮೂರು-ನಾಲ್ಕು ಪಟ್ಟು ಮಾತ್ರ. ಲೇಥ್ ಅಂಗಡಿಗೆ ಹೋಗಿ ‘ಬರೀ ಅಳತೆ ನೋಡಿಕೊಡಿ, ಕೊರೆಯಬೇಡಿ’ ಎಂದು ಸ್ಪಷ್ಟವಾಗಿ ಹೇಳಿ. ಮೇಲೆ, ನಡುವೆ, ಕೆಳಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಮುಂದು-ಹಿಂದು ಒಮ್ಮೆ, ಎಡ-ಬಲ ಒಮ್ಮೆ. ಒಟ್ಟು ಆರು ಅಂಕಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಮೇಲಿನ ರಿಂಗು ತಿರುಗಿ ಇಳಿಯುವ ಜಾಗದ ಸುತ್ತ ಸವೆತ ಹೆಚ್ಚು.

ಲೇಥ್ ಅಂಗಡಿ ಹತ್ತಿರವಿಲ್ಲದ ಊರಿನವರಿಗೆ ಒಂದು ರಿಂಗು, ಒಂದು ಫೀಲರ್ ಗೇಜ್ ಇದ್ದರೆ ಸಾಕಾಗುವ ಉಪಾಯವೊಂದಿದೆ. ನನಗೆ ಇದು ಬಹಳ ಇಷ್ಟ, ಯಾಕೆಂದರೆ ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಇಲ್ಲಿ ಕೈಗೆ ತಾಗುತ್ತದೆ. ರಿಂಗನ್ನು ಬ್ಲಾಕಿನ ಕೆಳತುದಿಗೆ, ಪೋರ್ಟುಗಳಿಗಿಂತ ಕೆಳಗೆ, ಸವೆತವಿಲ್ಲದ ಜಾಗದಲ್ಲಿಡಿ. ಓರೆಯಾಗದಿರಲೆಂದು ಪಿಸ್ಟನ್ನಿನ ತಲೆಯಿಂದ ತಳ್ಳಿ. ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಅದೇ ರಿಂಗನ್ನು ಮೇಲೆ, ಹೆಚ್ಚು ಸವೆದ ಜಾಗದಲ್ಲಿಟ್ಟು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿ. ಬಂದದ್ದು ವ್ಯಾಸದಲ್ಲಿ ಆಗಿರುವ ಸವೆತ. ಕೆಳಗೆ 0.30, ಮೇಲೆ 0.77 ಬಂತೆನ್ನಿ. ವ್ಯತ್ಯಾಸ 0.47, ಸವೆತ ಸುಮಾರು 0.15 ಮಿ.ಮೀ. ಅಷ್ಟು ಸವೆದಿದ್ದರೆ ಬೋರ್ ಮಾಡಿಸುವ ಹೊತ್ತು ಬಂದಿದೆ.

ಹಂತ 5: ಯಾವ ಅಳತೆಯದ್ದು?

ಸ್ಟ್ಯಾಂಡರ್ಡ್ 65.00. ಅಲ್ಲಿಂದ 0.25ರಂತೆ ಮೇಲೇರಿ 65.25, 65.50, 65.75, 66.00. ಅಂದರೆ ಹೊಸ ಬ್ಲಾಕಿಗೆ ನಾಲ್ಕು ಬೋರಿನ ಆಯಸ್ಸು. 66 ದಾಟಿದ ಮೇಲೆ ಸ್ಲೀವ್ ಹಾಕಿಸಬೇಕು. ಒಳ್ಳೆಯ ಸ್ಲೀವ್ ಕೆಲಸವೂ ಇದೆ, ಆದರೆ ಪೋರ್ಟುಗಳನ್ನು ಹೊಸ ಸ್ಲೀವಿನಲ್ಲಿ ಮೊದಲಿದ್ದ ಎತ್ತರಕ್ಕೇ ತೆರೆಯುವವರು ಕಡಿಮೆ. ಆದ್ದರಿಂದ ಅತ್ಯಂತ ಸಣ್ಣ ಹೆಜ್ಜೆ ಯಾವುದೋ ಅದನ್ನೇ ಆರಿಸಿ. ದೊಡ್ಡ ಬೋರ್ ಮಾಡಿಸಿದರೆ ಗಾಡಿ ಹೆಚ್ಚು ಓಡುತ್ತದೆಂಬ ಆಸೆ ಬೇಡ. 65ರಿಂದ 66ಕ್ಕೆ ಹೋದರೂ ಹೆಚ್ಚುವುದು ಎಂಟು ಸಿ.ಸಿ.ಗಿಂತ ಕಡಿಮೆ.

ಆದರೆ ಆ ಹೆಜ್ಜೆಯಲ್ಲಿ ಸವೆತ ಪೂರ್ತಿ ಅಳಿಯಬೇಕು. ಬೋರ್ ಒಂದು ಕಡೆ 65.20 ಆಗಿದೆಯೆನ್ನಿ. 65.25ಕ್ಕೆ ಕೊರೆದರೆ ಪ್ರತಿ ಪಕ್ಕದಲ್ಲಿ ಹೋಗುವುದು 0.025 ಮಾತ್ರ. ಸವೆತ ಒಂದೇ ಬದಿಗಿದ್ದರೆ ಗುರುತು ಉಳಿದೇಬಿಡುತ್ತದೆ. ಅಂಥಲ್ಲಿ 65.50ಕ್ಕೆ ಹೋಗುವುದೇ ಸರಿ. ಲೇಥ್ ಮೇಸ್ತ್ರಿಯವರೊಡನೆ ಕೂತು ಆ ಆರು ಅಂಕಿ ಇಟ್ಟುಕೊಂಡು ತೀರ್ಮಾನಿಸಿ. ಬೇಕಾದ ಅಳತೆ ಒಂದು, ಅದು ಸಿಗದಿದ್ದರೆ ಅದರ ಮೇಲಿನದು ಇನ್ನೊಂದು, ಎರಡನ್ನೂ ಬರೆದುಕೊಳ್ಳಿ.

ಹಂತ 6: ಹುಡುಕಾಟ

ಮೊದಲು ನಿಮ್ಮೂರಿನ ಹಳೆಯ ಮೆಕ್ಯಾನಿಕ್. ಮೈಸೂರಿನಲ್ಲಂತೂ ಜಾವಾ ಕೆಲಸದಲ್ಲೇ ತಲೆ ನರೆತ ಹಿರಿಯರಿದ್ದಾರೆ. ಅವರ ಗ್ಯಾರೇಜಿನ ಹಲಗೆಯ ಮೇಲೆ, ಎಣ್ಣೆ ಕಾಗದದಲ್ಲಿ ಸುತ್ತಿದ ಹಳೆ ಸ್ಟಾಕು ಇದ್ದೀತು. ಇಂಥ ಸಾಮಾನು ಫೋನಿನಲ್ಲಿ ಸಿಗುವುದಿಲ್ಲ. ಹೋಗಿ ಕೂರಬೇಕು, ಚಹಾ ಕುಡಿಯಬೇಕು, ಗಾಡಿಯ ಕಥೆ ಹೇಳಬೇಕು. ಗಾಡಿಯನ್ನು ಮಾರಾಟಕ್ಕಲ್ಲ, ಓಡಿಸುವುದಕ್ಕೇ ಕಟ್ಟುತ್ತಿದ್ದೀರಿ ಎಂದು ಅವರಿಗೆ ಮನವರಿಕೆಯಾದರೆ ಹಲಗೆಯ ಮೇಲಿನದು ಕೆಳಗಿಳಿಯುತ್ತದೆ.

ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ. ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್ ಕೂಡ ಹಳೆಯ ಗಾಡಿಯ ಸಾಮಾನಿಗೆ ಹೆಸರಾದ ಪೇಟೆಗಳು. ಅಂಗಡಿಯಲ್ಲಿ ಮಾತು ಹೀಗೆ ನಡೆಯುತ್ತದೆ:

“ಸಾರ್, ಹಳೇ ಜಾವಾ ಟೂ-ಫಿಫ್ಟಿಗೆ ಪಿಸ್ಟನ್ ಇದೆಯಾ?”

“ಇದೆ, ಬೋರ್ ಎಷ್ಟು?”

ಇಲ್ಲಿ ತಡವರಿಸಿದರೆ ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸುತ್ತಾರೆ. “ಸಿಕ್ಸ್ಟಿಫೈವ್ ಟ್ವೆಂಟಿಫೈವ್ ಬೇಕು ಸಾರ್, ಇಲ್ಲದಿದ್ದರೆ ಸಿಕ್ಸ್ಟಿಫೈವ್ ಫಿಫ್ಟಿ. ಹಳೇ ಪಿಸ್ಟನ್ ತಂದಿದ್ದೀನಿ, ಪಕ್ಕದಲ್ಲಿಟ್ಟು ನೋಡೋಣ” ಎಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಪಿಸ್ಟನ್ ಮಾತ್ರವಲ್ಲ, ಅದೇ ಅಳತೆಯ ರಿಂಗ್, ಪಿನ್, ಸರ್ಕ್ಲಿಪ್ ಎಲ್ಲ ಒಟ್ಟಿಗೆ ಕೇಳಿ. ಸಾಧ್ಯವಿದ್ದರೆ ಇನ್ನೊಂದು ಜೊತೆ ರಿಂಗ್ ಈಗಲೇ ಕೊಂಡಿಡಿ. ಐದು ವರ್ಷದ ಮೇಲೆ ಅದೇ ಅಳತೆಯ ರಿಂಗ್ ಸಿಗುವ ಭರವಸೆ ಇಲ್ಲ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಗಾಡಿಯವರು ಸೇರುತ್ತಾರೆ. ಪಿಸ್ಟನ್ನಿನ ಜಾತಕ ಜೇಬಿನಲ್ಲಿಟ್ಟುಕೊಂಡು ಅಲ್ಲಿಗೆ ಹೋಗಿ. ತಮ್ಮ ಬ್ಲಾಕಿಗೆ ಆಗದ ಅಳತೆಯ ಪಿಸ್ಟನ್ ಮನೆಯಲ್ಲಿಟ್ಟುಕೊಂಡವರು ಅಂಥ ಗುಂಪಿನಲ್ಲಿ ಇರುತ್ತಾರೆ. ಜೆಕ್ ದೇಶದಲ್ಲೂ 353ಕ್ಕೆ ಪಿಸ್ಟನ್ ಸಿಗುತ್ತದೆ, ವಿದೇಶದಲ್ಲಿರುವ ನೆಂಟರಿಷ್ಟರು ಊರಿಗೆ ಬರುವಾಗ ತರಿಸಿಕೊಳ್ಳಬಹುದು. ಆದರೆ ಜಾತಕದ ಪ್ರತಿ ಸಾಲು ಹೊಂದುತ್ತದೆಯೇ ಎಂದು ಮೊದಲೇ ಕೇಳಿ.

ಹಂತ 7: ಕೈಗೆ ಬಂದದ್ದನ್ನು ಪರೀಕ್ಷಿಸಿ

ಡಬ್ಬದ ಮೇಲೆ ಬರೆದಿರುವುದನ್ನು ನಂಬಬೇಡಿ, ಒಳಗಿರುವುದನ್ನು ನೋಡಿ. ಹಳೆಯದರ ಪಕ್ಕದಲ್ಲಿಟ್ಟು ಪಿನ್ನಿನ ಎತ್ತರ, ಕಿಟಕಿ, ಮೊಳೆಗಳನ್ನು ಹೋಲಿಸಿ. ಪಿನ್ನಿಗೆ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿದರೆ ನವಿರಾಗಿ ಹೋಗಬೇಕು, ಗಡಗಡ ಎನ್ನಬಾರದು. ರಿಂಗು ತೋಡಿನಲ್ಲಿ ಪೂರ್ತಿ ಮುಳುಗಬೇಕು. ತೂಕ ಹಳೆಯದಕ್ಕೆ ಹತ್ತಿರವಿರಲಿ, ತೀರಾ ಹೆಚ್ಚುಕಡಿಮೆಯಾದರೆ ಗಾಡಿ ನಡುಗುತ್ತದೆ.

ವ್ಯಾಸವನ್ನು ಮೈಕ್ರೋಮೀಟರಿನಿಂದ ಅಳೆಸಿ. ಎಲ್ಲಿ ಅಳೆಯಬೇಕೆಂಬುದು ಮುಖ್ಯ. ಪಿಸ್ಟನ್ ಕಣ್ಣಿಗೆ ದುಂಡಗೆ ಕಂಡರೂ ದುಂಡಗಿಲ್ಲ. ಪಿನ್ನಿನ ದಿಕ್ಕಿನಲ್ಲಿ ಕಿರಿದು, ಅದಕ್ಕೆ ಅಡ್ಡಲಾಗಿ ಅಗಲ. ತಲೆಯ ಕಡೆ ಹೆಚ್ಚು ಬಿಸಿಯಾಗಿ ಹೆಚ್ಚು ಹಿಗ್ಗುವುದರಿಂದ ಅಲ್ಲಿ ಮೊದಲೇ ಸಣ್ಣದಾಗಿ ಮಾಡಿರುತ್ತಾರೆ. ಹಾಗಾಗಿ ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡಲಾಗಿ, ಅತಿ ಅಗಲವಾದ ಜಾಗದಲ್ಲಿ ಅಳೆದದ್ದೇ ಪಿಸ್ಟನ್ನಿನ ನಿಜವಾದ ಅಳತೆ.

ಅನೇಕರು ಮೋಸಹೋಗುವುದು ಇನ್ನೊಂದು ಕಡೆ. ತಲೆಯ ಮೇಲಿನ 65.25 ಕೆಲವರಲ್ಲಿ ಬೋರಿನ ಅಳತೆ, ಅಂದರೆ ಸಂದಿನಷ್ಟನ್ನು ಕಳೆದು ಪಿಸ್ಟನ್ ಮಾಡಿರುತ್ತಾರೆ. ಇನ್ನು ಕೆಲವರಲ್ಲಿ ಅದು ಪಿಸ್ಟನ್ನಿನದೇ ಅಳತೆ. ಸಂಖ್ಯೆ ನೋಡಿ ಕೊರೆದರೆ ಒಂದರಲ್ಲಿ ಸರಿ, ಇನ್ನೊಂದರಲ್ಲಿ ಜಾಮ್. ಪಿಸ್ಟನ್ ಮೊದಲು, ಬೋರ್ ಆಮೇಲೆ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಹಂತ 8: ಈಗ ಬೋರ್

ಬ್ಲಾಕನ್ನೂ ಪಿಸ್ಟನ್ನನ್ನೂ ಒಟ್ಟಿಗೆ ಕೊಡಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆ ಹಿಗ್ಗಿಗೆ ಜಾಗ ಬಿಡದಿದ್ದರೆ ಹೊಸ ಪಿಸ್ಟನ್ ಮೊದಲ ಏರಿನಲ್ಲೇ ಹಿಡಿದುಕೊಳ್ಳುತ್ತದೆ. ಗಾಳಿಯಿಂದ ತಣಿಯುವ ಬೀಡುಕಬ್ಬಿಣದ ಬ್ಲಾಕಿಗೆ ಹಳಬರ ಲೆಕ್ಕ ಒಂದು ಇಂಚು ಬೋರಿಗೆ ಒಂದು ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗ. 65 ಮಿ.ಮೀ. ಎಂದರೆ ಎರಡೂವರೆ ಇಂಚಿಗೆ ತುಸು ಹೆಚ್ಚು, ಹಾಗಾಗಿ ಎರಡೂವರೆ ಥೌ, ಅಂದರೆ ಸುಮಾರು 0.065 ಮಿ.ಮೀ. ಪಿಸ್ಟನ್ ಜೊತೆ ತಯಾರಕರ ಚೀಟಿ ಇದ್ದರೆ ಅದರಲ್ಲಿರುವುದೇ ಅಂತಿಮ. ಲೇಥಿನವರಿಗೆ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಚೀಟಿಯಲ್ಲಿ ಬರೆದು ಬ್ಲಾಕಿಗೆ ಕಟ್ಟಿ.

ಇನ್ನೆರಡು ಮಾತು ಹೇಳುವುದನ್ನು ಮರೆಯಬೇಡಿ. ಕೊನೆಯ ನುಣುಪನ್ನು ಹೋನಿಂಗ್‌ನಿಂದಲೇ ತರಬೇಕು, ಅಡ್ಡಗೆರೆಗಳು ಕಾಣಬೇಕು, ಎಣ್ಣೆ ನಿಲ್ಲುವುದು ಅವುಗಳಲ್ಲೇ. ಎರಡನೆಯದು, ಪೋರ್ಟುಗಳ ಅಂಚು. ಕೊರೆದ ಮೇಲೆ ಅವು ಬ್ಲೇಡಿನಂತೆ ಹರಿತವಾಗಿರುತ್ತವೆ, ರಿಂಗನ್ನು ತುಂಡರಿಸುತ್ತವೆ. ಅವನ್ನು ಸಣ್ಣ ಕಲ್ಲಿನಿಂದ ಮೆದುವಾಗಿ ಉಜ್ಜಿ ಮೊಂಡಾಗಿಸಬೇಕು. ಫೋರ್-ಸ್ಟ್ರೋಕ್ ಕೆಲಸವೇ ಹೆಚ್ಚು ಮಾಡುವ ಅಂಗಡಿಗಳಲ್ಲಿ ಇದನ್ನು ಬಿಟ್ಟುಬಿಡುವುದುಂಟು.

ಬ್ಲಾಕ್ ಮನೆಗೆ ಬಂದ ಮೇಲೆ ಪೆಟ್ರೋಲಿನಲ್ಲಿ ತೊಳೆದರೆ ಸಾಲದು. ಹೋನಿಂಗಿನ ಪುಡಿ ಗೆರೆಗಳಲ್ಲಿ ಕೂತಿರುತ್ತದೆ. ಬಿಸಿನೀರು, ಸೋಪು, ಬ್ರಷ್ ಹಾಕಿ ತಿಕ್ಕಿ. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಆ ಕೂಡಲೇ ಎಣ್ಣೆ ಹಚ್ಚಿ, ಇಲ್ಲವಾದರೆ ಅರ್ಧ ಗಂಟೆಯಲ್ಲಿ ತುಕ್ಕು.

ಹಂತ 9: ಜೋಡಣೆ

ಹೊಸ ರಿಂಗನ್ನು ಹೊಸ ಬೋರಿನಲ್ಲಿಟ್ಟು ಸಂದು ನೋಡಿ, 0.25 ಮಿ.ಮೀ. ಆಸುಪಾಸು ಇರಲಿ. ತುದಿಗಳು ಒಂದಕ್ಕೊಂದು ತಾಗುವಂತಿದ್ದರೆ ನಯವಾದ ಅರದಿಂದ ತುಸುತುಸುವೇ ಉಜ್ಜಿ. ಬಾಣದ ಗುರುತು ಎಗ್ಜಾಸ್ಟ್ ಕಡೆಗೆ, ಅಂದರೆ ಗಾಡಿಯ ಮುಂದಕ್ಕೆ. ರಿಂಗಿನ ತುದಿಗಳು ಮೊಳೆಗಳ ಮೇಲೆ ಸರಿಯಾಗಿ ಕೂರಲಿ. ಸರ್ಕ್ಲಿಪ್ ಹೊಸದೇ ಆಗಬೇಕು, ಹಳೆಯದನ್ನು ಮತ್ತೆ ಹಾಕಬೇಡಿ. ಬ್ಲಾಕ್ ಇಳಿಸುವಾಗ ರಿಂಗುಗಳನ್ನು ಬೆರಳಿನಿಂದ ಒತ್ತಿಹಿಡಿದು ನೇರವಾಗಿ ಇಳಿಸಿ, ತಿರುಗಿಸಬೇಡಿ. ಬಲ ಬೇಕೆನಿಸಿದರೆ ಏನೋ ತಪ್ಪಿದೆ, ಮೇಲೆತ್ತಿ ನೋಡಿ.

ಹಂತ 10: ಸ್ಟಾರ್ಟ್ ಮಾಡುವ ಮುಂಚೆ

ಹಳೆಯ ಪಿಸ್ಟನ್ ಯಾಕೆ ಕೆಟ್ಟಿತು? ಕಾರಣ ಕಂಡುಹಿಡಿಯದೆ ಹೊಸದನ್ನು ಓಡಿಸಿದರೆ ಅದಕ್ಕೂ ಅದೇ ಗತಿ. ಕಾರ್ಬೊರೇಟರಿನ ಬುಡದಲ್ಲಿ ಗಾಳಿ ಸೋರಿಕೆ, ಒಣಗಿದ ಕ್ರ್ಯಾಂಕ್ ಸೀಲ್, ಕಸ ಕಟ್ಟಿದ ಜೆಟ್, ತಪ್ಪಿದ ಟೈಮಿಂಗ್, ಕಡಿಮೆ ಟೂ-ಟಿ ಎಣ್ಣೆ, ಒಂದೊಂದನ್ನೂ ನೋಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ರ್ಯಾಂಕ್ ಸೀಲನ್ನು ಕಣ್ಣುಮುಚ್ಚಿ ಬದಲಿಸಿ. ಅದು ಸೋರಿದರೆ ಮಿಶ್ರಣಕ್ಕೆ ಗಾಳಿ ಸೇರಿ ಪಿಸ್ಟನ್ ಸುಡುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಬೋರ್ ಕೂರುವವರೆಗೆ ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ, ಅಂದರೆ 1:25. ಮೊದಲ ಐನೂರು ಕಿಲೋಮೀಟರ್ ಪೂರ್ತಿ ಆಕ್ಸಿಲರೇಟರ್ ಕೊಡಬೇಡಿ, ಒಂದೇ ವೇಗದಲ್ಲೂ ಓಡಿಸಬೇಡಿ, ಹಿಂದೆ ಕೂರಿಸಿಕೊಂಡು ಏರು ಹತ್ತಬೇಡಿ. ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯಬೇಡಿ. ಪೆಟ್ರೋಲಿನ ಜೊತೆಗೇ ಎಣ್ಣೆ ಹೋಗುವ ಎಂಜಿನ್ ಇದು. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಂತೆ.

ಹಳೆಯ ಪಿಸ್ಟನ್ನನ್ನು ಗುಜರಿಗೆ ಹಾಕಬೇಡಿ. ಹಳೆಯ ಅಳತೆಗಳು, ಹೊಸ ಬೋರಿನ ಅಂಕಿ, ಬಿಟ್ಟ ಸಂದು, ತಾರೀಖು, ಮೀಟರಿನ ಕಿಲೋಮೀಟರ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪಿಸ್ಟನ್ನಿನ ಹೊಟ್ಟೆಯೊಳಗೆ ಸುರುಳಿ ಸುತ್ತಿ ಇಟ್ಟು, ಅದನ್ನು ಒಂದು ಡಬ್ಬಕ್ಕೆ ಹಾಕಿ ಮೇಲೆ ಗಾಡಿಯ ನಂಬರ್ ಬರೆಯಿರಿ. ಹಾಳೆಯ ಇನ್ನೊಂದು ಪ್ರತಿ ಆರ್‌ಸಿ ಜೊತೆ ಇರಲಿ.